ಮುಳುಗುವ ಬಾತಿನ ಬೆನ್ನುಹತ್ತಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕ್ಯಾಮೆರಾ ಹೊತ್ತು ಬರುವವರು ಹೆಚ್ಚಾಗಿ ಪಟ್ಟೆತಲೆ ಹೆಬ್ಬಾತುಗಳ ಹಿಂದೆ ಬೀಳುತ್ತಾರೆ. ಬೀಳಲಿ. ನನ್ನ ಕಣ್ಣು ಪೋಚಾರ್ಡ್ ಎಂಬ ಮುಳುಗುವ ಬಾತಿನ ಗಂಡಿನ ಮೇಲೆ: ಇಟ್ಟಿಗೆಗೆಂಪು ತಲೆ, ಕಪ್ಪು ಎದೆ, ಕೆಂಪು ಕಣ್ಣು. ಬೆನ್ನು ದೂರದಿಂದ ಬರೀ ಬೂದು. ಲೆನ್ಸಿನಲ್ಲಿ ಹತ್ತಿರವಾದರೆ ಮೈತುಂಬ ನವಿರಾದ ಅಲೆಗೆರೆಗಳು. ನಡುಹಗಲ ಬಿಸಿಲಿಗೆ ಅವು ಅಳಿಸಿಹೋಗುತ್ತವೆ, ಇಳಿಬಿಸಿಲೇ ಸರಿ. ಹಗಲು ಹೆಚ್ಚಾಗಿ ಕೊಕ್ಕನ್ನು ಬೆನ್ನಿಗೆ ಹುದುಗಿಸಿ ತೂಕಡಿಸುವ ಹಕ್ಕಿಯಿದು. ಎಚ್ಚರಾಯಿತೆಂದು ಫೋಕಸ್ ಮಾಡುವಷ್ಟರಲ್ಲಿ ಪುಳಕ್ಕನೆ ಮುಳುಗಿ, ನಾವೆಣಿಸದ ಕಡೆ ಏಳುತ್ತದೆ. ಕಾಲು ಹಿಂದಕ್ಕಿರುವುದರಿಂದ ನೆಲದ ಮೇಲೆ ನಡಿಗೆ ಒರಟು, ಮುಳುಗು ಮಾತ್ರ ಬಲು ನಯ. ಹಾರುವ ಮುನ್ನ ಇದು ನೀರಿನ ಮೇಲೆ ಓಡಲೇಬೇಕು. ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2015ರಲ್ಲೇ ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಗುರುತಿಸಿದ ಹಕ್ಕಿಯನ್ನು ಆ ಓಟಕ್ಕಾಗಿ ಬೇಕಂತಲೇ ಬೆದರಿಸಿ ತೆಗೆದ ಫೋಟೊ ಎಷ್ಟೇ ಚಂದವಿರಲಿ, ನನಗೆ ರುಚಿಸದು.