ಚಾರ್ಜ್ ಪಟ್ಟಿ ಇಲ್ಲದ ವರ್ಗಾವಣೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಕಚೇರಿಯಲ್ಲಿ ಹೊಸ ಕಂಪ್ಯೂಟರ್ ಆನ್ ಆಯಿತು. ಹೊಸಪೇಟೆಯಲ್ಲಿ ನಮ್ಮದು ಸಣ್ಣ ತೆರಿಗೆ ಮತ್ತು ಲೆಕ್ಕಪತ್ರದ ಕಚೇರಿ. ಕಂಪ್ಲಿಯ ಅಕ್ಕಿ ಗಿರಣಿಯವರು, ಸಂಡೂರಿನ ಲಾರಿ ಮಾಲೀಕರು, ಹಂಪಿ ಕಡೆ ಕೋಣೆ ಬಾಡಿಗೆಗೆ ಕೊಡುವವರು ನಮ್ಮಲ್ಲಿಗೆ ಬರುತ್ತಾರೆ. ಹದಿನಾರು ವರ್ಷದಿಂದ ನಮ್ಮಲ್ಲಿ ಟೈಪಿಂಗ್ ನೋಡಿಕೊಂಡು ಬಂದಿರುವ ಅಕ್ಕ ಹೊಸ ಪರದೆಯ ಮುಂದೆ ಕೂತು, ಗಿರಣಿಯೊಂದರ ಹಳೆಯ ಅರ್ಜಿಯನ್ನು ತೆರೆದರು. ಫೈಲು ತೆರೆಯಿತು, ಒಳಗೆ ಕನ್ನಡ ಇರಲಿಲ್ಲ. ‘ಕ’ ಇರಬೇಕಾದಲ್ಲೆಲ್ಲ ಇಂಗ್ಲಿಷಿನ ದೊಡ್ಡ ಪಿ, ‘ನ’ ಇರಬೇಕಾದಲ್ಲೆಲ್ಲ ಬ್ರಿಟನ್ನಿನ ಪೌಂಡ್ ಹಣದ ಗುರುತು, ತಲೆಕಟ್ಟಿನ ಜಾಗದಲ್ಲಿ ನೆತ್ತಿಯ ಮೇಲೆ ಗೀಟು ಹೊತ್ತ ಎ. ಅಕ್ಕ ಇನ್ನೊಂದು ಫೈಲು ತೆರೆದರು, ಮತ್ತೊಂದು ತೆರೆದರು. ಆಮೇಲೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡಿದರು.

ಶನಿವಾರ ಸಂಜೆ ಯಂತ್ರ ಕೂಡಿಸಿ ಹೋಗಿದ್ದ ಹುಡುಗನಿಗೆ ಫೋನ್ ಮಾಡಿದೆ. “ಎಲ್ಲಾ ಹಾಕೀನ್ರಿ ಸಾರ್, ನಲವತ್ತೆರಡು ಜಿಬಿ ಬಂದೈತಿ ನೋಡ್ರಿ” ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಲವತ್ತೆರಡು ಜಿಬಿ ಬಂದಿತ್ತು. ಮಧ್ಯಾಹ್ನದವರೆಗೆ ಒಂದು ಪತ್ರವೂ ಹೊರಗೆ ಹೋಗಲಿಲ್ಲ.

ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ‘ಡೇಟಾ ಹಾಕಿಕೊಡುವ’ ಈ ಪದ್ಧತಿಯನ್ನು ಯಾರೂ ಕೂತು ಪರೀಕ್ಷಿಸಿದ್ದನ್ನು ನಾನು ಕಂಡಿಲ್ಲ. ಕಾರು ರಿಪೇರಿಯಾದರೆ ಒಂದು ಸುತ್ತು ಓಡಿಸಿ ನೋಡಿ ದುಡ್ಡು ಕೊಡುತ್ತೇವೆ. ಕಂಪ್ಯೂಟರ್ ಬದಲಾದಾಗ ಮಾತ್ರ ಹಸಿರು ಪಟ್ಟಿ ನೂರು ತಲುಪಿದರೆ ಸಾಕೆಂದು ಒಪ್ಪಿಕೊಂಡುಬಿಡುತ್ತೇವೆ.

ಈಗ ಈ ಕೆಲಸ ಎಲ್ಲೆಡೆ ಒಟ್ಟಿಗೆ ಬಂದಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಚಿಪ್ಪಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಜಾರಿಯಾಯಿತು. ರಿಟರ್ನ್ ಸಲ್ಲಿಸಲು ಬೇಕೆಂದು ನಮ್ಮಂಥ ಕಚೇರಿಗಳು ಹೊಸ ಕಂಪ್ಯೂಟರ್ ಕೊಂಡದ್ದು ಆಗಲೇ. ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪು ಮಾರುಕಟ್ಟೆಗೆ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮೂರು ತಿಂಗಳ ಅಂತರದಲ್ಲಿ ಜಿಎಸ್‌ಟಿ ಕಾಲದ ಆ ಯಂತ್ರಗಳೆಲ್ಲ ಗೆರೆಯ ಆಚೆ ಉಳಿದವು. ಚೆನ್ನಾಗಿ ಓಡುತ್ತಿದ್ದ ನಮ್ಮ ಯಂತ್ರವೂ ಅವುಗಳಲ್ಲಿ ಒಂದು.

ನಮ್ಮಲ್ಲಿ ರೂಢಿಯಲ್ಲಿರುವ ಕ್ರಮ ಹೀಗಿದೆ. ಹುಡುಗ ಹಳೆಯ ಸಿಪಿಯುವಿನ ಪಕ್ಕದ ತಗಡು ಬಿಚ್ಚಿ ಹಾರ್ಡ್‌ ಡಿಸ್ಕ್ ಹೊರಗೆ ತೆಗೆಯುತ್ತಾನೆ, ಒಂದು ಯುಎಸ್‌ಬಿ ಕೇಬಲಿಗೆ ಸಿಕ್ಕಿಸುತ್ತಾನೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಜೊತೆಗೆ ಡಿ ಡ್ರೈವ್ ಪೂರ್ತಿ ಕಾಪಿ ಹೊಡೆಯುತ್ತಾನೆ. ಇದರಲ್ಲಿ ಮೆಚ್ಚಬೇಕಾದ್ದೂ ಇದೆ. ಹಳೆಯ ಡಿಸ್ಕಿಗೆ ಏನೂ ಬರೆಯದೆ ಬರೀ ಓದುವುದರಿಂದ ಮೂಲಕ್ಕೆ ಧಕ್ಕೆಯಿಲ್ಲ, ಖರ್ಚೂ ಕಡಿಮೆ. ಕೆಲವರು ಹಳೆಯ ಡಿಸ್ಕನ್ನೇ ಹೊಸ ಡಬ್ಬಿಯೊಳಗೆ ಎರಡನೇ ಡ್ರೈವಾಗಿ ಕೂರಿಸಿಕೊಡುತ್ತಾರೆ. ಮರೆತದ್ದನ್ನು ನಾಳೆ ಹುಡುಕಿ ತೆಗೆಯಬಹುದು, ಜಾಣತನದ ಕೆಲಸ. ಎಂಟು ವರ್ಷ ತಿರುಗಿದ ಡಿಸ್ಕು ಇನ್ನೆಷ್ಟು ದಿನ ತಿರುಗೀತು ಎಂಬ ಅಳುಕೊಂದು ಉಳಿಯುತ್ತದೆ ಅಷ್ಟೆ.

ಕೊರತೆ ಇರುವುದು ಕಣ್ಣಿಗೆ ಬೀಳದ ಕಡೆಗಳಲ್ಲಿ. ಬ್ರೌಸರಿನ ಬುಕ್‌ಮಾರ್ಕ್, ವರ್ಡ್ ತನ್ನ ಒಡತಿಯಿಂದ ಕಲಿತ ಪದಗಳು, ಟೆಂಪ್ಲೇಟು, ಇವೆಲ್ಲ ‘ಆಪ್ ಡೇಟಾ’ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಕೂತಿರುತ್ತವೆ. ಅದನ್ನು ಹಾಗೇ ಎತ್ತಿ ತಂದರೂ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಬರುವುದಿಲ್ಲ. ಅವಕ್ಕೆ ಹಾಕಿದ ಬೀಗ ಹಳೆಯ ಯಂತ್ರದ ಬಳಕೆದಾರ ಖಾತೆಗೆ ಕಟ್ಟಿದ್ದು. ಹಳೆಯ ಯಂತ್ರ ಜೀವಂತ ಇರುವಾಗಲೇ ಹೊರತೆಗೆಯಬೇಕು. ಲೆಕ್ಕದ ತಂತ್ರಾಂಶವಾದ ಟ್ಯಾಲಿಯ ಕಂಪನಿ ಫೈಲುಗಳು ಎಷ್ಟೋ ಸಲ ಯಾರ ಹೆಸರಿನ ಫೋಲ್ಡರಿನಲ್ಲೂ ಇರದೆ ‘ಪಬ್ಲಿಕ್’ ಒಳಗೆ ಬರೀ ಅಂಕಿಯ ಹೆಸರಿನಲ್ಲಿ ಇರುತ್ತವೆ, ಗೊತ್ತಿಲ್ಲದವರಿಗೆ ಕಸದಂತೆ ಕಾಣುತ್ತವೆ. ಅದರ ಲೈಸೆನ್ಸನ್ನು ಹಳೆಯ ಯಂತ್ರದಲ್ಲಿ ಸರೆಂಡರ್ ಮಾಡಿ ಹೊಸದರಲ್ಲಿ ಎಬ್ಬಿಸಬೇಕು. ಮೊದಲೇ ಫಾರ್ಮ್ಯಾಟ್ ಹೊಡೆದರೆ ಅದನ್ನು ಬಿಡಿಸಿಕೊಳ್ಳಲು ಬೇರೆ ದಾರಿ ಹಿಡಿಯಬೇಕಾಗುತ್ತದೆ. ಡಿಜಿಟಲ್ ಸಹಿಯ ಟೋಕನ್ನಿಗೆ ಅದರದೇ ಡ್ರೈವರ್ ಬೇಕು. ಇವನ್ನೆಲ್ಲ ಮಾಡಲು ಒಟ್ಟು ಒಂದು ಗಂಟೆಯೂ ಬೇಡ. ನೆನಪಾಗದಿದ್ದರೆ ಒಂದು ವಾರ ಹೋಗುತ್ತದೆ.

ಹಿಂದೆ ಈ ಕೆಲಸಕ್ಕೆಂದೇ ವಿಂಡೋಸಿನೊಳಗೆ ಒಂದು ಉಪಕರಣವಿತ್ತು, ‘ಈಸಿ ಟ್ರಾನ್ಸ್‌ಫರ್’ ಎಂದು. ವಿಸ್ತಾ ಕಾಲದಿಂದ ಇತ್ತು, ವಿಂಡೋಸ್ 10ರಲ್ಲಿ ಅದನ್ನು ಕೈಬಿಟ್ಟರು. ಯಾವ ಬಳಕೆದಾರ, ಯಾವ ಫೈಲು, ಯಾವ ಸೆಟಿಂಗ್ ಎಂದು ಅದು ಕೇಳಿ ಕೇಳಿ ಒಯ್ಯುತ್ತಿತ್ತು. ಈಗ ಕ್ಲೌಡ್‌ಗೆ ಹಾಕಿ ಅನ್ನುತ್ತಾರೆ. ಒನ್‌ಡ್ರೈವ್ ಪುಕ್ಕಟೆ ಕೊಡುವ ಜಾಗ 5 ಜಿಬಿ, ನಮ್ಮದು ನಲವತ್ತೆರಡು. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಬೇರೆ ಸಾಧನಗಳಿವೆ, ನೋಡಿಕೊಳ್ಳುವ ವಿಭಾಗಗಳಿವೆ. ಮೂರು ಕುರ್ಚಿಯ ಕಚೇರಿಗೆ ಉಳಿದಿರುವುದು ಆ ಹುಡುಗನ ನೆನಪಿನ ಶಕ್ತಿಯೊಂದೇ.

ಕನ್ನಡದ ಕಚೇರಿಗೆ ಇನ್ನೊಂದು ಕಷ್ಟವಿದೆ. ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಅದರ ಪ್ರಸ್ತಾಪವಿರುವುದಿಲ್ಲ. ಆ ಸೋಮವಾರ ಅಕ್ಕ ಕಂಡ ಪೌಂಡ್ ಗುರುತುಗಳ ಕಥೆ ಅದು.

ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡದ ಅಕ್ಷರಗಳಿಗೆ ಅದರಲ್ಲೇ ಸ್ವಂತ ಜಾಗ ಸಿಕ್ಕಿತ್ತು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. ಅಷ್ಟರಲ್ಲಿ ಕಚೇರಿಗಳ ಕೈ ಬೇರೆ ಕಡೆ ಪಳಗಿಬಿಟ್ಟಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಸರ್ಕಾರದ ಬೆಂಬಲದಿಂದ ಕಚೇರಿ ಕಚೇರಿಗೂ ತಲುಪಿತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬೆರಳಿಗೆ ಕೂತಿತು. ಅದರಿಂದ ಕನ್ನಡಕ್ಕಾದ ಉಪಕಾರ ದೊಡ್ಡದು, ಅದನ್ನು ಕಡೆಗಣಿಸಿ ಮಾತಾಡಲಾರೆ. ಆದರೆ ಆ ಕಾಲದ ನುಡಿಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದವು. ಫೈಲಿನೊಳಗೆ ನಿಜವಾಗಿ ಬರೆದಿರುವುದು ಪಿ ಅಕ್ಷರವೇ. ಅದನ್ನು ‘ಕ’ ಎಂದು ತೋರಿಸುವುದು ಫಾಂಟು. ಆ ಫಾಂಟು ಇರುವುದು ಡಾಕ್ಯುಮೆಂಟ್ಸಿನಲ್ಲಲ್ಲ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ. ಅಲ್ಲಿಗೆ ಹುಡುಗನ ಕೈ ಹೋಗಿರಲಿಲ್ಲ.

‘ನುಡಿ 01 ಇ’ ಫಾಂಟು ಹಾಕಿದ ಕೂಡಲೇ ಅಕ್ಕನ ಹದಿನಾರು ವರ್ಷದ ಕೆಲಸ ಒಂದು ಕ್ಷಣದಲ್ಲಿ ಮರಳಿತು. ಐದು ನಿಮಿಷದ ಕೆಲಸ. ಆದರೆ ಅದು ಗೊತ್ತಿಲ್ಲದ ಕಚೇರಿಗಳಲ್ಲಿ “ಫೈಲು ಕರಪ್ಟ್ ಆಗೈತ್ರಿ” ಎಂಬ ಮಾತು ಕೇಳಿ, ಇದ್ದುದನ್ನೆಲ್ಲ ಮತ್ತೆ ಟೈಪ್ ಮಾಡಿದವರನ್ನು ನಾನು ನೋಡಿದ್ದೇನೆ. ಕನ್ನಡ ವಿಶ್ವವಿದ್ಯಾಲಯವಿರುವ ವಿದ್ಯಾರಣ್ಯದಿಂದ ಪ್ರಬಂಧದ ಅಧ್ಯಾಯ ಹಿಡಿದುಕೊಂಡು ಹೊಸಪೇಟೆಯ ಡಿಟಿಪಿ ಅಂಗಡಿಗೆ ಬರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಗೋಳು ಚೆನ್ನಾಗಿ ಗೊತ್ತು.

ಯುನಿಕೋಡಿಗೆ ಬಂದವರೂ ಪೂರ್ತಿ ನಿಶ್ಚಿಂತರಲ್ಲ. ವಿಂಡೋಸ್ 10ರಿಂದ ಈಚೆಗೆ ತುಂಗಾ ಎಲ್ಲ ಯಂತ್ರಗಳಲ್ಲಿ ತಾನಾಗಿ ಇರುವುದಿಲ್ಲ, ಕನ್ನಡದ ಹೆಚ್ಚುವರಿ ಫಾಂಟು ಎಂದು ಬೇರೆಯಾಗಿ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬೇರೆ ಫಾಂಟು ಆ ಜಾಗಕ್ಕೆ ಬರುತ್ತದೆ. ಅಕ್ಷರ ಓದಬಹುದು, ಸಾಲು ಮಾತ್ರ ಬೇರೆ ಕಡೆ ಮುರಿಯುತ್ತದೆ. ‘ಪುಟ 4ರ ಕೊನೆಯ ಪ್ಯಾರಾ’ ಎಂದು ಮನವಿಯಲ್ಲಿ ಬರೆದಿದ್ದರೆ ಆ ಪ್ಯಾರಾ ಐದನೇ ಪುಟಕ್ಕೆ ಜಾರಿರುತ್ತದೆ.

ಹಳೆಯದನ್ನೆಲ್ಲ ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಬಿಡಿ ಎನ್ನುವವರಿದ್ದಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕನ್ನಡದ ನಡುವೆ ಇಂಗ್ಲಿಷ್ ಸಾಲಿರುವ ಫೈಲನ್ನು ಸುಮ್ಮನೆ ಹಾಕಿದರೆ ಇಂಗ್ಲಿಷ್ ಸಾಲುಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಪ್ಯಾನ್ ಸಂಖ್ಯೆಯೊಂದು ಹೀಗೆ ಕೆಟ್ಟರೆ ನೋಟಿಸು ಬರುವವರೆಗೆ ಗೊತ್ತಾಗುವುದಿಲ್ಲ. ಮೂಲ ಫೈಲು ಹಾಗೇ ಇರಲಿ, ಪಕ್ಕದಲ್ಲಿ ಪಿಡಿಎಫ್ ಇರಲಿ, ಮತ್ತೆ ಬಳಸುವ ಮಾದರಿ ಪತ್ರಗಳನ್ನಷ್ಟೇ ಪರಿವರ್ತಿಸಿ ಕಣ್ಣಿಟ್ಟು ತಿದ್ದಿಕೊಳ್ಳಲಿ. ಹೊಸದಾಗಿ ಬರೆಯುವುದೆಲ್ಲ ಯುನಿಕೋಡಿನಲ್ಲೇ ಇರಲಿ.

ಸಂಡೂರು ರಸ್ತೆಯ ಲಾರಿ ಕಚೇರಿಯೊಂದರಲ್ಲಿ ಕಂಡದ್ದನ್ನೂ ಹೇಳಬೇಕು. ಅವರದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಮೊದಲೇ ಅಚ್ಚಾದ ರಸೀತಿಯ ಮೇಲೆ ಅಂಕಿ ಬೀಳಬೇಕು. ಹೊಸ ಯಂತ್ರದಲ್ಲಿ ಹಳೆಯ ಪ್ಯಾರಲಲ್ ಪೋರ್ಟ್ ಇರಲಿಲ್ಲ, ಕೇಬಲ್ ತಂದು ಹಾಕಿದರು. ಹಳೆಯ ಯಂತ್ರದಲ್ಲಿ ಯಾರೋ ಅಳೆದು ಬರೆದಿಟ್ಟಿದ್ದ ಕಾಗದದ ಅಳತೆಯನ್ನು ಯಾರೂ ತರಲಿಲ್ಲ. ಒಟ್ಟು ತೂಕ ಖಾಲಿ ತೂಕದ ಚೌಕದಲ್ಲಿ ಬಿತ್ತು. ಗುಮಾಸ್ತರು ಎರಡು ದಿನ ಪೆನ್ನಿನಲ್ಲಿ ತಿದ್ದಿ ರುಜು ಹಾಕಿದರು.

ಇದಕ್ಕೆಲ್ಲ ಮದ್ದು ಎಲ್ಲಿದೆ? ನಮ್ಮ ಸರ್ಕಾರಿ ಕಚೇರಿಗಳ ಹಳೆಯ ನಡವಳಿಕೆಯಲ್ಲೇ ಇದೆ ಎಂಬುದು ನನ್ನ ದೃಢ ನಂಬಿಕೆ. ಗ್ರಾಮ ಆಡಳಿತ ಅಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ವರ್ಗವಾದರೆ ಚಾರ್ಜ್ ಕೊಡುವ ಪದ್ಧತಿಯಿದೆ. ರಿಜಿಸ್ಟರು, ನಕ್ಷೆ, ಮೊಹರು, ಬೀಗದ ಕೈ ಎಂದು ಪಟ್ಟಿಯಾಗುತ್ತದೆ. ಬಂದವರು ಒಂದೊಂದನ್ನೂ ಕಣ್ಣಾರೆ ನೋಡಿ ರುಜು ಹಾಕುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ಕಳೆದರೆ ಯಾರು ಹೊಣೆ ಎಂಬುದು ಆ ಕಾಗದದಿಂದಲೇ ತೀರ್ಮಾನವಾಗುತ್ತದೆ. ಹರಪನಹಳ್ಳಿಯನ್ನು ನೆನೆಯಿರಿ: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಕಾಲು ಶತಮಾನದೊಳಗೆ ಮೂರು ಸಲ ಜಿಲ್ಲೆ ಬದಲಾಯಿಸಿದ ತಾಲ್ಲೂಕು ಅದು. ಅಂಥ ಊರಿನ ರೈತನ ಹಕ್ಕು ಉಳಿಯುವುದು ದಾಖಲೆಗಳು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಂಡು ಕೈ ಬದಲಾದಾಗ ಮಾತ್ರ. ಕಂಪ್ಯೂಟರ್ ಬದಲಾಗುವುದೂ ವರ್ಗಾವಣೆಯೇ, ಅದಕ್ಕೂ ಚಾರ್ಜ್ ಪಟ್ಟಿ ಬೇಕು. ತೆಗೆದುಕೊಂಡೆ ಎಂದು ರುಜು ಹಾಕಬೇಕಾದವರು ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು, ಮಾಲೀಕನೂ ಅಲ್ಲ, ಅಂಗಡಿಯವನೂ ಅಲ್ಲ.

ಪಟ್ಟಿ ಬರೆಯುವ ಬಗೆ ನಮಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಎರಡನೇ ಯಂತ್ರ ಬದಲಾಯಿಸುವ ಮೊದಲು ಅಕ್ಕ ಒಂದು ವಾರ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ದಿನದಲ್ಲಿ ತಾವು ಏನೇನು ತೆರೆಯುತ್ತೇವೆ, ಯಾವುದನ್ನು ಒತ್ತುತ್ತೇವೆ ಎಂದು ಬರೆದರು. ಎರಡು ಪುಟ ಆಯಿತು. ಗಿರಣಿಯವರ ಲೆಟರ್‌ಹೆಡ್‌ಗೆ ಮೇಲೆ ಬಿಡುವ ಎರಡೂಕಾಲು ಇಂಚು ಜಾಗವೂ ಅದರಲ್ಲಿತ್ತು. ಅದು ನನಗೇ ಗೊತ್ತಿರಲಿಲ್ಲ. ಹೊಸ ಯಂತ್ರದ ಮುಂದೆ ಆ ಪಟ್ಟಿ ಹಿಡಿದು ಒಂದೊಂದನ್ನೇ ಮಾಡಿ ನೋಡಿದರು. ಶನಿವಾರ ಮಧ್ಯಾಹ್ನ ಶುರುವಾದದ್ದು ಸಂಜೆಗೆ ಮುಗಿಯಿತು, ಸೋಮವಾರ ಹತ್ತೂವರೆಗೆ ಪತ್ರ ಹೋಯಿತು.

ಕೆಲಸ ನಿಲ್ಲುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಎಷ್ಟೋ ಸಲ ಡಿಸ್ಕಿಗೆ ತಾನಾಗಿ ಗೂಢಲಿಪಿಯ ಬೀಗ ಬೀಳುತ್ತದೆ, ಅದರ ರಿಕವರಿ ಕೀಲಿ ಆ ಖಾತೆಯಲ್ಲಿ ಜಮೆಯಾಗುತ್ತದೆ. ಕೂಡಿಸುವ ಹುಡುಗ ಅವಸರದಲ್ಲಿ ತನ್ನ ಮೇಲ್ ಐಡಿ ಹಾಕಿದರೆ ನಿಮ್ಮ ಕಚೇರಿಯ ಬೀಗದ ಕೈ ಅವನ ಖಾತೆಯಲ್ಲಿರುತ್ತದೆ. ನಾಲ್ಕು ವರ್ಷದ ನಂತರ ಯಂತ್ರ ಕೀಲಿ ಕೇಳಿದಾಗ ಅವನು ಯಾವ ಊರಿನಲ್ಲಿರುತ್ತಾನೋ. ಐಡಿ ನಿಮ್ಮದೇ ಇರಲಿ, ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ಬೀರುವಿನಲ್ಲಿಡಿ.

ಹಳೆಯ ಡಿಸ್ಕಿನ ವಿಷಯದಲ್ಲಂತೂ ನಮ್ಮ ಅಲಕ್ಷ್ಯ ಕ್ಷಮಿಸುವಂಥದ್ದಲ್ಲ. ಅದರಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಇರುತ್ತವೆ. ಸುಮ್ಮನೆ ಫಾರ್ಮ್ಯಾಟ್ ಹೊಡೆದು ಗುಜರಿಗೆ ಹಾಕಿದರೆ ತಿಳಿದವರು ಅವನ್ನು ಮತ್ತೆ ಎಬ್ಬಿಸಬಲ್ಲರು. ನಮ್ಮನ್ನು ನಂಬಿ ಕೊಟ್ಟವರ ಗುಟ್ಟು ಅದು. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೂ ಬಂದಿದೆ. ಇನ್ನೊಂದು ಕಡೆ, ಜಿಎಸ್‌ಟಿ ಕಾನೂನಿನಂತೆ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಬೇಗ ಎಸೆಯುವುದೂ ತಪ್ಪು, ಹಾಗೇ ಎಸೆಯುವುದೂ ತಪ್ಪು.

ಒಟ್ಟಾರೆ ನನ್ನ ತೀರ್ಪು ಇದು: ಫೈಲು ಸಾಗಿಸುವುದರಲ್ಲಿ ನಮ್ಮ ಊರಿನ ಹುಡುಗರು ನುರಿತವರು, ಕೆಲಸ ಸಾಗಿಸುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ನಾವು ಅದಕ್ಕೆ ದುಡ್ಡೂ ಕೊಟ್ಟಿಲ್ಲ. ಕಾಪಿ ಹೊಡೆಯಲು ಕೊಡುವ ಹಣದ ಜೊತೆಗೆ ಇನ್ನು ಅರ್ಧ ದಿನದ ಕೂಲಿ ಸೇರಿಸಿ ಕೊಟ್ಟರೆ ಆ ಹುಡುಗನೇ ಪಟ್ಟಿ ಹಿಡಿದು ಕೂರುತ್ತಾನೆ. ಈ ವರ್ಷ ಯಂತ್ರ ಬದಲಾಯಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಟೈಪಿಸ್ಟ್ ಹೊಸ ಕುರ್ಚಿಯಲ್ಲಿ ಕೂತು ಒಂದು ಹಳೆಯ ಕನ್ನಡ ಪತ್ರ ತೆರೆದು, ತಿದ್ದಿ, ಮುದ್ರಿಸಿ ನಿಮ್ಮ ಕೈಗೆ ಕೊಡುವವರೆಗೆ ಹಳೆಯ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆಯಲು ಬಿಡಬೇಡಿ.