ಫುರ್ಖಾನ್: ಒಂದು ವ್ಯಾಖ್ಯಾನದ ಪರಿಣಾಮ

ಅರಬ್ಬೀ ಭಾಷೆಯಲ್ಲಿ ‘ಫುರ್ಖಾನ್’ ಎಂದರೆ ಸತ್ಯಾಸತ್ಯಗಳನ್ನು ಬೇರ್ಪಡಿಸುವ ಒರೆಗಲ್ಲು. ಕುರಾನಿನ 25ನೆಯ ಅಧ್ಯಾಯದ ಹೆಸರೂ ಅದೇ. ವಿಮರ್ಶಕನಿಗೆ ಒಪ್ಪುವ ಈ ಹೆಸರನ್ನು ಇರಾನಿನಲ್ಲಿ ಕೊಲೆಗಡುಕರ ಗುಪ್ತಕೂಟವೊಂದು ಧರಿಸಿತ್ತು. 1979ರ ಫೆಬ್ರವರಿಯಲ್ಲಿ ಷಾನ ಆಳಿಕೆ ಕುಸಿಯಿತು. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 23ರಂದು ಸೇನಾನಿ ಖರಾನಿಯವರೂ, ಮೇ 1ರಂದು ಪಂಡಿತ ಮೊರ್ತೆಜಾ ಮೊತಹ್ಹರಿಯವರೂ ಇವರ ಗುಂಡಿಗೆ ಬಲಿಯಾದರು.

ರಾಜಕೀಯದ ಈ ರಕ್ತಪಾತ ಸಾಹಿತ್ಯ ಪತ್ರಿಕೆಗೇಕೆ ಎಂದು ವಾಚಕರು ಕೇಳಬಹುದು. ಈ ಜಗಳದ ಬೇರು ಇದ್ದುದು ಒಂದು ಪಠ್ಯದ ಅರ್ಥದಲ್ಲಿ ಎಂಬುದೇ ನಮ್ಮ ಉತ್ತರ. ಕೂಟದ ನಾಯಕ ಅಕ್ಬರ್ ಗೂದರ್ಜಿ ಮದರಸಗಳಲ್ಲಿ ಕೆಲಕಾಲ ಕಲಿತ ತರುಣ. ಕುರಾನಿಗೆ ವ್ಯಾಖ್ಯಾನಗಳನ್ನು ಬರೆದವನು. ಪುರೋಹಿತವರ್ಗವಿಲ್ಲದ ಧರ್ಮವೆಂಬ ಅವನ ಕಲ್ಪನೆ ಅಲಿ ಶರಿಯತಿಯವರಿಂದ ಬಂದದ್ದು. ಆದರೆ 1977ರ ಜೂನಿನಲ್ಲೇ ಇಂಗ್ಲೆಂಡಿನಲ್ಲಿ ತೀರಿಕೊಂಡ ಶರಿಯತಿಯವರ ಮೇಲೆ ಶಿಷ್ಯನ ಪಾಪವನ್ನು ಹೊರಿಸುವುದು ನ್ಯಾಯವಲ್ಲ.

‘ಗೈಬ್’ ಎಂಬ ಶಬ್ದವನ್ನೇ ನೋಡೋಣ. ಗೈಬನ್ನು ನಂಬುವವರನ್ನು ಕುರಾನು ಹೊಗಳುತ್ತದೆ. ಇಂದ್ರಿಯಗಳಿಗೆ ನಿಲುಕದ ಪರೋಕ್ಷ ಸತ್ಯವೆಂದು ಪರಂಪರೆ ಅದಕ್ಕೆ ಅರ್ಥ ಹೇಳುತ್ತದೆ. ಗೂದರ್ಜಿಯ ಪಂಥದವರಿಗಾದರೋ ಅದು ಕ್ರಾಂತಿಯ ಗುಪ್ತಾವಸ್ಥೆ! ಪರಲೋಕವೆಂದರೆ ಮುಂದೆ ಬರಲಿರುವ ಉನ್ನತ ಸಮಾಜವ್ಯವಸ್ಥೆ. ಕತ್ತಲೆಯಲ್ಲಿ ಅಡಗಿದ್ದ ಗುಂಪು ಗ್ರಂಥದಲ್ಲಿ ಕಂಡುಕೊಂಡದ್ದು ತನ್ನ ನೆರಳನ್ನೇ. ಪ್ರತಿಯೊಂದು ಯುಗವೂ ಹಳೆಯ ಗ್ರಂಥವನ್ನು ತನ್ನ ಕಣ್ಣಿನಿಂದ ಓದುತ್ತದೆ, ದಿಟ; ಅದು ದೋಷವಲ್ಲ. ಶಬ್ದಕ್ಕಿದ್ದ ಬಹ್ವರ್ಥವನ್ನು ಹಿಂಡಿ ತೆಗೆದು ಒಂದೇ ಅರ್ಥವನ್ನು ಹೊರಗಿನಿಂದ ತುಂಬುವುದು, ಅದನ್ನು ಒಪ್ಪದವನನ್ನು ಶತ್ರುವೆಂದು ಎಣಿಸುವುದು — ಇವು ದೋಷ.

ಈ ದೋಷವನ್ನು ಹೆಸರಿಟ್ಟು ತೋರಿಸಿದವರು ಮೊತಹ್ಹರಿಯವರು. ತೆಹರಾನ್ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲೆ ಪಾಠ ಹೇಳಿದವರು ಅವರು. ಭೌತಿಕವಾದದತ್ತ ಜನರು ಒಲಿಯುವ ಕಾರಣಗಳನ್ನು ಕುರಿತ ತಮ್ಮ ಹಳೆಯ ಪುಸ್ತಕಕ್ಕೆ 1978ರಲ್ಲಿ ಹೊಸ ಮುನ್ನುಡಿ ಬರೆದು, ಇಂಥ ವ್ಯಾಖ್ಯಾನವು ಧರ್ಮದ ವೇಷ ತೊಟ್ಟ ಭೌತಿಕವಾದವೆಂದು ವಾದಿಸಿದರು. ಅವರ ಮಾತು ಮೃದುವಾಗಿರಲಿಲ್ಲ. ಶ್ರದ್ಧೆಯಿಂದಲೇ ಓದುತ್ತಿದ್ದೇನೆಂದು ನಂಬಿದ ತರುಣನಿಗೆ ಆ ಬಿರುದು ಎಷ್ಟು ಚುಚ್ಚಿರಬೇಕು! ಆದರೂ ಅವರು ಎತ್ತಿದ್ದು ಲೇಖನಿಯನ್ನು ಮಾತ್ರ. ಮರುವರ್ಷ ಒಂದು ಮನೆಯ ಗೋಷ್ಠಿ ಮುಗಿಸಿ ಬೀದಿಗಿಳಿದಾಗ ಅವರ ತಲೆಗೆ ಗುಂಡು ಹೊಡೆದರು. ಅವರು ಪಾಠ ಹೇಳಿದ್ದ ಧರ್ಮಶಾಸ್ತ್ರ ವಿಭಾಗದಲ್ಲೇ ಡಿಸೆಂಬರ್ 18ರಂದು ಮೊಹಮ್ಮದ್ ಮೊಫತ್ತೆಹ್ ಅವರ ಕೊಲೆಯಾಯಿತು.

ಆಮೇಲಿನ ಕಥೆ ಚಿಕ್ಕದು. 1980ರ ಜನವರಿಯಲ್ಲಿ ಗೂದರ್ಜಿ ಸೆರೆಸಿಕ್ಕಿದ. ಮೇ ತಿಂಗಳಲ್ಲಿ ಅವನಿಗೆ ಮರಣದಂಡನೆಯಾಯಿತು. ಅವನ ವ್ಯಾಖ್ಯಾನಗಳನ್ನು ಇಂದು ಯಾರಾದರೂ ತೆರೆದರೆ ಬಹುಮಟ್ಟಿಗೆ ಕೊಲೆಗಳ ಕಾರಣವನ್ನು ಹುಡುಕಲೆಂದೇ ತೆರೆಯುತ್ತಾರೆ. ಮೊತಹ್ಹರಿಯವರ ಮುನ್ನುಡಿ ಆ ಪುಸ್ತಕದ ಮೊದಲಲ್ಲಿ ಈಗಲೂ ಅಚ್ಚಾಗುತ್ತಿದೆ.