ಓದುವವರ ಪುಸ್ತಕ, ಮಾತಾಡುವವರ ಕೈಯಲ್ಲಿ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲಿನಲ್ಲಿ ನಿಂತು ‘ಚೆನ್ನಾಗಿ ಇಂಗ್ಲಿಷ್ ಮಾತಾಡೋಕೆ ಒಂದು ಪುಸ್ತಕ ಕೊಡಿ’ ಎಂದು ಕೇಳಿ ನೋಡಿ. ಅಂಗಡಿಯವರ ಕೈ ಬಹುಮಟ್ಟಿಗೆ ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ಯ ಮೇಲೇ ಹೋಗುತ್ತದೆ. 1949ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ, 1978ರಲ್ಲಿ ಪರಿಷ್ಕಾರಗೊಂಡ ಈ ಪುಸ್ತಕ ಬ್ಯಾಂಕ್ ಪರೀಕ್ಷೆಗೆ ಓದುವವರ ಮೇಜಿನ ಮೇಲಿದೆ, ಸಂದರ್ಶನಕ್ಕೆ ಹೊರಟವರ ಚೀಲದಲ್ಲಿದೆ, ಭಾಷಣ ಕಲಿಯಬೇಕೆನ್ನುವವರ ಕೈಯಲ್ಲೂ ಇದೆ. ಪಿಯುಸಿ ಮುಗಿದ ರಜೆಯಲ್ಲಿ ನಾನಿದನ್ನು ಪೆನ್ಸಿಲ್ ಹಿಡಿದು ಓದಿದೆ. ಆಮೇಲೂ ಎರಡು ಸಲ ಓದಿದ್ದೇನೆ. ಇದು ಒಳ್ಳೆಯ ಪುಸ್ತಕ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಇದರಿಂದ ವೇದಿಕೆಯ ಮಾತು ಕಲಿಯಬಹುದು ಎಂಬ ನಂಬಿಕೆಯನ್ನು ಮಾತ್ರ ನಾನೀಗ ಒಪ್ಪಲಾರೆ.

ಮೊದಲು ಅದರ ಗುಣ ಹೇಳಬೇಕು. ವೈದ್ಯರ ಕುರಿತ ಅಧ್ಯಾಯವನ್ನೇ ತೆಗೆದುಕೊಳ್ಳಿ. ನರ್ಸಿಂಗ್ ಹೋಮಿನ ಬೋರ್ಡಿನಲ್ಲಿ ದಿನವೂ ಕಾಣುವ ಹೆಸರುಗಳು ಅಲ್ಲಿ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ: ಡರ್ಮಟಾಲಜಿಸ್ಟ್, ಕಾರ್ಡಿಯಾಲಜಿಸ್ಟ್, ಪೀಡಿಯಾಟ್ರಿಶಿಯನ್, ಆರ್ಥೊಪೀಡಿಸ್ಟ್. ಮೂಳೆ ಡಾಕ್ಟರ ಹೆಸರಿನೊಳಗೆ ಒಂದು ಮಗು ಕೂತಿದೆ ಎಂದು ನನಗೆ ತೋರಿಸಿಕೊಟ್ಟವನು ಲೂಯಿಸ್. ಗ್ರೀಕಿನಲ್ಲಿ ‘ಆರ್ಥೊಸ್’ ಅಂದರೆ ನೆಟ್ಟಗಿನದು, ‘ಪೈಡೋಸ್’ ಅಂದರೆ ಮಗುವಿನದು. ಮಕ್ಕಳ ಡೊಂಕು ಮೈಯನ್ನು ನೆಟ್ಟಗೆ ಮಾಡುವ ವಿದ್ಯೆಗೆಂದು ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯ 1741ರಲ್ಲಿ ಕಟ್ಟಿದ ಪದ ಈಗ ನಮ್ಮ ಅಜ್ಜಿಯರ ಮೊಣಕಾಲಿಗೂ ನಡೆಯುತ್ತಿದೆ. ಪೀಡಿಯಾಟ್ರಿಶಿಯನ್‌ನಲ್ಲಿ, ಪೆಡಗಾಗ್‌ನಲ್ಲಿ ಇರುವುದೂ ಅದೇ ಮಗು. ಸೈಕಲ್ಲಿನ ಪೆಡಲ್‌ನಲ್ಲಿರುವುದು ಮಾತ್ರ ಬೇರೆ, ಅದು ಲ್ಯಾಟಿನ್ನಿನ ಕಾಲು. ‘ಸಿರಿ’ಯ ಹಿಂದೆ ‘ಶ್ರೀ’ಯನ್ನೂ ‘ಬಣ್ಣ’ದ ಹಿಂದೆ ‘ವರ್ಣ’ವನ್ನೂ ಶಾಲೆಯಲ್ಲೇ ಕಂಡುಕೊಂಡ ಕನ್ನಡದ ಹುಡುಗ ಹುಡುಗಿಯರಿಗೆ ಈ ದಾರಿ ಪರಿಚಯದ್ದೇ. ನಮ್ಮಲ್ಲಿ ಈ ಪುಸ್ತಕ ಇಷ್ಟು ಬೇರು ಬಿಡಲು ಅದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಪದವನ್ನು ಉರು ಹೊಡೆಯುವ ಬದಲು ಬಿಚ್ಚಿ ನೋಡುವುದನ್ನು ಅದು ಕಲಿಸುತ್ತದೆ. ಗೊತ್ತಿಲ್ಲದ ಪದ ಎದುರಾದಾಗ ಓದುಗನ ಕಾಲು ನಡುಗುವುದಿಲ್ಲ.

ಗಮನಿಸಿ, ನಾನು ಓದುಗ ಎಂದೆ.

ಮಾತಿನ ರೀತಿಗಳ ಕುರಿತೇ ಲೂಯಿಸ್ ಒಂದು ಪೂರ್ತಿ ಅಧ್ಯಾಯ ಬರೆದಿದ್ದಾನೆ. ಟ್ಯಾಸಿಟರ್ನ್, ಲಕಾನಿಕ್, ಗ್ಯಾರುಲಸ್, ವರ್ಬೋಸ್, ವಾಲ್ಯುಬಲ್, ಲೋಕ್ವೇಶಸ್, ಹೀಗೆ ಹತ್ತು ಪದಗಳು. ಒಂದಕ್ಕೊಂದು ಅಂಟಿಕೊಂಡಂತಿರುವ ಇವುಗಳ ನಡುವಿನ ಎಳೆಯಂಥ ವ್ಯತ್ಯಾಸವನ್ನು ಅವನು ಬಹಳ ಅಂದವಾಗಿ ಬಿಡಿಸುತ್ತಾನೆ. ಬೇಡದ ಹರಟೆಯಲ್ಲಿ ಮುಳುಗಿದವನು ಬೇರೆ, ಪದ ಹೆಚ್ಚು ಸುರಿದು ಅರ್ಥ ಕಡಿಮೆ ಮಾಡುವವನು ಬೇರೆ, ತಡೆಯಿಲ್ಲದೆ ನೀರು ಹರಿದಂತೆ ಆಡುವವನು ಬೇರೆ. ಆಮೇಲೆ ಲ್ಯಾಟಿನ್ನಿನ ‘ಲೋಕ್ವಿ’, ಅಂದರೆ ಆಡು, ಎಂಬ ಒಂದೇ ಧಾತುವಿನಿಂದ ಸಲಿಲಕ್ವಿ, ವೆಂಟ್ರಿಲಕ್ವಿಸ್ಟ್, ಕಲೋಕ್ವಿಯಲ್, ಎಲೊಕ್ವೆಂಟ್ ಎಲ್ಲವನ್ನೂ ಎಳೆದು ತೋರಿಸುತ್ತಾನೆ. ಓದುವಾಗ ಹಬ್ಬದೂಟದಂತಿರುತ್ತದೆ.

ಆದರೆ ಊಟ ಮುಗಿದ ಮೇಲೆ ಎಲೆ ನೋಡಿದರೆ ತಿಳಿಯುತ್ತದೆ. ಹತ್ತಕ್ಕೆ ಹತ್ತೂ ಮಾತಾಡುವವನನ್ನು ಬಣ್ಣಿಸುವ ಪದಗಳು. ಮಾತಾಡಲು ಬೇಕಾದ ಪದ ಅದರಲ್ಲಿ ಒಂದೂ ಇಲ್ಲ. ಪುಸ್ತಕದ ಮೈಕಟ್ಟೇ ಹಾಗೆ: ಸ್ವಭಾವಕ್ಕೆ ಹೆಸರು, ಕಸುಬಿಗೆ ಹೆಸರು, ಸುಳ್ಳುಗಾರರಿಗೆ ಹೆಸರು. ಅಭ್ಯಾಸಗಳೂ ಅದಕ್ಕೆ ತಕ್ಕಂತೆ ಇವೆ. ಬಹುಪಾಲು ಕಡೆ ಪದವನ್ನು ಗಟ್ಟಿಯಾಗಿ ಉಚ್ಚರಿಸು, ಅರ್ಥದೊಂದಿಗೆ ಹೊಂದಿಸು, ಹೌದು ಅಥವಾ ಇಲ್ಲ ಎನ್ನು, ಅರ್ಥ ಕೊಟ್ಟರೆ ಪದ ಬರೆ, ಇಷ್ಟೇ ಕೆಲಸ. ಆ ಪದ ಇಟ್ಟುಕೊಂಡು ನಿನ್ನದೇ ಒಂದು ವಾಕ್ಯ ಕಟ್ಟು, ಅದನ್ನು ಒಬ್ಬರಿಗೆ ಹೇಳು, ಅವರಿಗೆ ಅರ್ಥವಾಯಿತೇ ನೋಡು ಎಂಬ ಅಭ್ಯಾಸವನ್ನು ನಾನು ಹುಡುಕಿ ಸೋತಿದ್ದೇನೆ. ಕಂಡಾಗ ಗುರುತಿಸುವ ಪದ, ಬೇಕೆಂದಾಗ ಬಾಯಿಗೆ ಬರುವ ಪದ, ಇವೆರಡರ ನಡುವೆ ಒಂದು ಹೊಳೆಯಿದೆ. ಲೂಯಿಸ್ ನಮ್ಮನ್ನು ಈಚೆ ದಡದಲ್ಲೇ ಬಿಡುತ್ತಾನೆ.

ಪುಸ್ತಕದ ಆರಂಭದ ವಾದವನ್ನೂ ಇಲ್ಲಿ ಒರೆಗೆ ಹಚ್ಚಬೇಕು. ಹ್ಯೂಮನ್ ಎಂಜಿನಿಯರಿಂಗ್ ಲ್ಯಾಬೊರೇಟರಿ ಎಂಬ ಸಂಸ್ಥೆ ಜನರನ್ನು ಪರೀಕ್ಷಿಸಿ, ಅಮೆರಿಕದಲ್ಲಿ ಯಶಸ್ಸು ಕಂಡವರೆಲ್ಲರಲ್ಲೂ ಸಮಾನವಾಗಿ ಕಂಡ ಒಂದೇ ಲಕ್ಷಣ ಪದಗಳ ಅರ್ಥದ ಮೇಲಿನ ಹಿಡಿತ ಎಂದು ಹೇಳಿದ್ದನ್ನು ಲೂಯಿಸ್ ಮುಂದಿಡುತ್ತಾನೆ. ಓದಿದ ಯಾವ ಹದಿಹರೆಯದವರಿಗೂ ಮೈ ಜುಂ ಎನ್ನುವ ಮಾತು ಅದು. ನನಗೂ ಎಂದಿತ್ತು. ಆದರೆ ಆ ಯಶಸ್ವಿಗಳು ಪದಗಳ ಪಟ್ಟಿ ಓದಿ ಮೇಲೆ ಬಂದರೇ, ಇಲ್ಲವೇ ಓದಿಗೆ ಬಿಡುವಿದ್ದ ಮನೆಯಲ್ಲಿ ಹುಟ್ಟಿ, ಓದಿ, ಕೆಲಸ ಮಾಡಿ, ಜನರೊಂದಿಗೆ ವ್ಯವಹರಿಸಿ, ಪದಗಳು ತಾವಾಗಿ ಬಂದು ಸೇರಿದವೇ? ದೊಡ್ಡ ತೆಂಗಿನ ತೋಟ ಇರುವವರ ಮನೆಯಲ್ಲಿ ಕಾಯಿ ರಾಶಿ ಬಿದ್ದಿರುತ್ತದೆ. ಕಾಯಿ ಕೊಂಡು ರಾಶಿ ಹಾಕಿದರೆ ತೋಟವಾಗುವುದಿಲ್ಲ. ಈ ಒಂದು ತಿರುವುಮುರುವನ್ನು ನಮ್ಮ ಸ್ಪೋಕನ್ ಇಂಗ್ಲಿಷ್ ತರಗತಿಗಳು ಇಂದಿಗೂ ನಂಬಿವೆ, ನಂಬಿಸುತ್ತಿವೆ.

ಪುಸ್ತಕದಿಂದ ವೇದಿಕೆಗೆ ಬರೋಣ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟ ಭಾಷಣ ಕಲಿಕೆಗೆ ಒಂದು ಶಿಸ್ತು ಕೊಟ್ಟಿತು. ಸಮಯ ನೋಡುವವರೊಬ್ಬರು, ‘ಆ’, ‘ಅಮ್’ ಎಂದು ತಡವರಿಸಿದ್ದನ್ನು ಎಣಿಸುವವರೊಬ್ಬರು, ಭಾಷೆ ಗಮನಿಸುವವರೊಬ್ಬರು. ಐಟಿ ಕಂಪನಿಗಳಿಂದಾಗಿ ಬೆಂಗಳೂರಿನಲ್ಲಿ ಈ ಮಾದರಿ ಚೆನ್ನಾಗಿ ಹಬ್ಬಿದೆ, ಇದನ್ನು ನೋಡಿ ತಮ್ಮದೇ ಕೂಟ ಕಟ್ಟಿಕೊಂಡವರೂ ಇದ್ದಾರೆ. ಐದರಿಂದ ಏಳು ನಿಮಿಷದಲ್ಲಿ ಮಾತು ಮುಗಿಸಬೇಕೆಂಬ ಕಟ್ಟಳೆಯೊಂದಕ್ಕೇ ನಮ್ಮ ಊರಿನ ಎಷ್ಟೋ ಭಾಷಣಕಾರರನ್ನು ಅಲ್ಲಿಗೆ ಕಳಿಸಬೇಕು ಎಂದು ನಾನು ಮನಸಾರೆ ನಂಬಿದ್ದೇನೆ. ನನ್ನ ತಕರಾರಿರುವುದು ಅಲ್ಲಿನ ‘ವರ್ಡ್ ಆಫ್ ದ ಡೇ’ ಎಂಬ ಪದ್ಧತಿಯ ಮೇಲೆ. ಆ ದಿನಕ್ಕೊಂದು ಪದವನ್ನು ದೊಡ್ಡದಾಗಿ ಬರೆದು ಎದುರಿಗೆ ತೂಗುಹಾಕುತ್ತಾರೆ. ಮಾತಾಡುವವರು ಅದನ್ನು ಹೇಗಾದರೂ ಬಳಸಬೇಕು.

ಈ ಪದ್ಧತಿ ಇಟ್ಟುಕೊಂಡಿದ್ದ ಸಂಜೆಯ ಕೂಟವೊಂದರಲ್ಲಿ ನಾನು ಕಂಡದ್ದು ಇದು. ಅಂದಿನ ಪದ ‘ಇಂಟ್ರೆಪಿಡ್’, ಅಂಜದವನು. ಲೂಯಿಸನ ಪುಸ್ತಕದಲ್ಲೂ ಗೆಳೆಯರನ್ನು ಹೊಗಳುವ ಅಧ್ಯಾಯದಲ್ಲಿ ಬರುವ ಪದ. ಮಲೆನಾಡಿನ ಕಡೆಯ ಹುಡುಗನೊಬ್ಬ ಎದ್ದು ತನ್ನ ಮನೆಯ ಅಡಿಕೆ ತೋಟದ ಕತೆ ಹೇಳತೊಡಗಿದ. ಆಷಾಢದ ಮಳೆ, ಕೊಳೆರೋಗದ ಭಯ. ಮಳೆ ಎರಡು ದಿನ ಹೊಳವಾದಾಗ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗಳಿಗೆ ಹೊಡೆಯಬೇಕು. ಮರ ಹತ್ತುವ ಆಳು ಕೊನೆಗೌಡ ಪಾಚಿಗಟ್ಟಿದ ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಿದ್ದಾನೆ, ಕೆಳಗೆ ಅಪ್ಪ ತಲೆ ಎತ್ತಿ ನಿಂತಿದ್ದಾರೆ. ಹುಡುಗನ ಇಂಗ್ಲಿಷ್ ಸಣ್ಣದು, ವಾಕ್ಯಗಳು ಚಿಕ್ಕವು, ಆದರೆ ಇಡೀ ಕೋಣೆ ಆ ಮರದ ಬುಡದಲ್ಲಿ ನಿಂತಿತ್ತು. ಕೊನೆಗೌಡನ ಕಾಲು ಜಾರಿತು ಎನ್ನುವಾಗ ಹುಡುಗ ಒಂದು ಕ್ಷಣ ತಡೆದು, ಕಣ್ಣು ಪದ ಬರೆದಿದ್ದ ಹಲಗೆಯ ಕಡೆ ಹೊರಳಿಸಿ, ಅವನು ‘ವೆರಿ ಇಂಟ್ರೆಪಿಡ್’ ಆಗಿದ್ದ ಎಂದ. ಆ ಕೂಟದ ರೂಢಿಯಂತೆ ಎಲ್ಲರೂ ಮೇಜು ಬಡಿದರು.

ಅಲ್ಲಿಗೆ ಮಳೆ ನಿಂತುಹೋಯಿತು. ಮೇಜು ಬಡಿದ ಸದ್ದು ಅಡಗುವಷ್ಟರಲ್ಲಿ ಮರವೂ ಇರಲಿಲ್ಲ, ಕೊನೆಗೌಡನೂ ಇರಲಿಲ್ಲ, ಎದುರಿಗಿದ್ದದ್ದು ಹೊಸ ಪದ ಬಳಸಿ ಶಹಬ್ಬಾಸ್‌ಗಿರಿ ಪಡೆದ ಒಬ್ಬ ವಿದ್ಯಾರ್ಥಿ. ಪದ ತಪ್ಪಾಗಿರಲಿಲ್ಲ, ಅರ್ಥಕ್ಕೆ ಸರಿಯಾಗಿಯೇ ಇತ್ತು. ಆದರೆ ಅದು ಮರದ ಮೇಲಿದ್ದವನನ್ನು ನೋಡುತ್ತಾ ಬಂದ ಪದವಲ್ಲ. ಕೇಳುವವರೂ ಆ ಹೊತ್ತಿಗೆ ಅದು ಯಾವಾಗ ಬಂದೀತು ಎಂದೇ ಕಿವಿ ನೆಟ್ಟಿದ್ದರು. ಓದುವವನು ಗೊತ್ತಿಲ್ಲದ ಪದದ ಬಳಿ ನಿಲ್ಲಬಹುದು, ಹಿಂದಿನ ಪುಟಕ್ಕೆ ಹೋಗಬಹುದು, ನಿಘಂಟು ತೆಗೆಯಬಹುದು. ಕೇಳುವವನಿಗೆ ಆ ಸೌಕರ್ಯವಿಲ್ಲ. ಅವನು ಪದದ ಬಳಿ ನಿಂತರೆ ಮಾತು ಅವನನ್ನು ಬಿಟ್ಟು ಮುಂದೆ ಹೋಗಿರುತ್ತದೆ.

ಈ ತಪ್ಪಿನ ಬೇರು ಇಂಗ್ಲಿಷಿನಲ್ಲಿ ಮಾತ್ರ ಇಲ್ಲ, ನಮ್ಮ ವೇದಿಕೆಗಳಲ್ಲೂ ಇದೆ. ಮನೆಯಲ್ಲಿ ‘ಕೂತಿದ್ದಾರೆ’ ಎನ್ನುವವರು ಮೈಕಿನ ಮುಂದೆ ಬಂದರೆ ‘ವೇದಿಕೆಯ ಮೇಲೆ ಆಸೀನರಾಗಿರುವ’ ಎನ್ನುತ್ತಾರೆ. ದೀಪ ಹಚ್ಚುವುದು ‘ಜ್ಯೋತಿ ಪ್ರಜ್ವಲನ’ವಾಗುತ್ತದೆ, ಬಂದವರು ‘ಆಗಮಿಸಿದವರು’ ಆಗುತ್ತಾರೆ. ವೇದಿಕೆ ಎಂದರೆ ಭಾರದ ಪದ ಎಂಬ ಪಾಠ ನಮಗೆ ಶಾಲಾ ವಾರ್ಷಿಕೋತ್ಸವದಲ್ಲೇ ಆಗಿಬಿಟ್ಟಿದೆ. ಇಂಗ್ಲಿಷಿಗೆ ಹೋದಾಗ ಅದೇ ಚಾಳಿ ಲ್ಯಾಟಿನ್ ಪದಗಳನ್ನು ಹುಡುಕಿಕೊಂಡು ಹೋಗುತ್ತದೆ. ಎರಡು ಭಾಷೆಗಳ ಚರಿತ್ರೆಯೂ ಇದಕ್ಕೆ ಒದಗಿಬರುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಮನೆಮಾತಿನ ಮೇಲೆ ಫ್ರೆಂಚ್, ಲ್ಯಾಟಿನ್ ಪದಗಳ ಪದರ ಕೂತಿತು. ‘ಆಸ್ಕ್’ ಅಡುಗೆಮನೆಯಲ್ಲಿ ಉಳಿಯಿತು, ‘ಇಂಟರಾಗೇಟ್’ ಕಚೇರಿಗೆ ಹೋಯಿತು. ನಮ್ಮಲ್ಲಿ ‘ಕೇಳು’ ಮತ್ತು ‘ವಿಚಾರಣೆ’ ಹಾಗೆ. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ ಬರೆದು ಅಚ್ಚಗನ್ನಡದ ಬಲ ತೋರಿಸಿದ. ಅಷ್ಟು ಕಟ್ಟುನಿಟ್ಟು ಯಾವ ಭಾಷೆಯಲ್ಲೂ ಬೇಕಿಲ್ಲ. ಆದರೆ ಯಾವ ಪದರದ ಪದ ಕೇಳುಗನ ಮೈಗೆ ಮೊದಲು ತಾಗುತ್ತದೆ ಎಂಬುದು ಮಾತಾಡುವವರಿಗೆ ಗೊತ್ತಿರಲೇಬೇಕು.

ಹಾಗಾದರೆ ಮಾತಿಗೆ ಎಷ್ಟು ಪದ ಬೇಕು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಿದ್ದಾರೆ. ಸಿ. ಕೆ. ಆಗ್ಡೆನ್ 1930ರಲ್ಲಿ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಮುಂದಿಟ್ಟ. ವಾಯ್ಸ್ ಆಫ್ ಅಮೆರಿಕ 1959ರಿಂದ ಸುಮಾರು 1500 ಪದಗಳಲ್ಲಿ, ನಿಧಾನದ ಓದಿನಲ್ಲಿ, ಜಗತ್ತಿನ ಸುದ್ದಿಯನ್ನೆಲ್ಲ ಬಿತ್ತರಿಸಿತು. ನನಗೆ ಇವರೆಲ್ಲರಿಗಿಂತ ಹತ್ತಿರದವನೆನಿಸುವುದು ಮೈಕೇಲ್ ವೆಸ್ಟ್. ಬ್ರಿಟಿಷ್ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದು, ಬಂಗಾಳಿ ಮಕ್ಕಳು ಇಂಗ್ಲಿಷ್ ಪಠ್ಯದ ಮುಂದೆ ಒದ್ದಾಡುವುದನ್ನು ಕಣ್ಣಾರೆ ಕಂಡವನು ಅವನು. 1953ರಲ್ಲಿ ಅವನು ಪ್ರಕಟಿಸಿದ ಸುಮಾರು 2000 ಪದಗಳ ಪಟ್ಟಿ ಇಂಗ್ಲಿಷ್ ಬೋಧನೆಯ ಪಾಯಗಳಲ್ಲಿ ಒಂದು. ಯಾವ ಪದ ಎಷ್ಟು ಸಲ ಬರುತ್ತದೆ ಎಂಬುದಷ್ಟೇ ಅಲ್ಲ, ಒಂದೇ ಪದದ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಎಂಬುದನ್ನೂ ಅವನು ಲೆಕ್ಕ ಹಾಕಿಸಿದ್ದ. ಭಾಷಣಕ್ಕೆ ನಿಲ್ಲುವ ಕನ್ನಡಿಗರಿಗೆ ಲೂಯಿಸನಿಗಿಂತ ಮೊದಲು ಬೇಕಾದ್ದು ಈ ಕಣ್ಣು.

ಏಕೆಂದರೆ ನಮ್ಮವರು ಮುಗ್ಗರಿಸುವುದು ದೊಡ್ಡ ಪದಗಳಲ್ಲಲ್ಲ. ‘ಪೋಸ್ಟ್‌ಪೋನ್’ ಎಲ್ಲರಿಗೂ ಬರುತ್ತದೆ, ‘ಪುಟ್ ಆಫ್’ ಬಾಯಿಗೆ ಬರುವುದಿಲ್ಲ. ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಕೇಳಿದರೆ ಮುಖ ನೋಡುತ್ತಾರೆ. ಗೆಟ್, ಪುಟ್, ಟೇಕ್, ಇವುಗಳಿಗೆ ಅಪ್, ಔಟ್, ಆಫ್ ಹತ್ತಿಸಿದಾಗ ಹುಟ್ಟುವ ನೂರಾರು ಕ್ರಿಯಾಪದಗಳು ಇಂಗ್ಲಿಷ್ ಮಾತಿನ ಉಸಿರು. ಎಲ್ಲ ಬಿಡಿಪದಗಳೂ ಒಂದನೆಯ ತರಗತಿಯವೇ ಆದ್ದರಿಂದ ಅವನ್ನು ಯಾರೂ ಕಲಿಸುವುದಿಲ್ಲ, ಕಲಿಯಬೇಕೆಂದು ಯಾರಿಗೂ ತೋರುವುದೂ ಇಲ್ಲ. ಮಾತಿನ ದಾರಿ ತೋರಿಸುವ ಪುಟ್ಟ ಪದಗಳ ಗತಿಯೂ ಇದೇ. ‘ಅದಕ್ಕೇ’, ‘ಹಾಗಂತ’, ‘ಇಷ್ಟಾದರೂ’, ‘ಇರಲಿ, ವಿಷಯಕ್ಕೆ ಬರೋಣ’ ಎಂದು ಕನ್ನಡದಲ್ಲಿ ಲೀಲಾಜಾಲವಾಗಿ ತಿರುವು ಕೊಡುವವರು ಇಂಗ್ಲಿಷಿನಲ್ಲಿ ‘ಸೋ’, ‘ಬಟ್’, ‘ಆಕ್ಚುಯಲಿ’ಗಳಲ್ಲೇ ಇಡೀ ಭಾಷಣ ದಾಟುತ್ತಾರೆ.

ಲೂಯಿಸನಿಂದ ಮಾತಾಡುವವರು ನಿಜವಾಗಿ ಪಡೆಯಬಹುದಾದ ಒಂದು ವಸ್ತುವಿದೆ, ಅದನ್ನೇ ನಾವು ಓದದೆ ಬಿಡುತ್ತೇವೆ. ಪ್ರತಿ ಪದದ ಪಕ್ಕದಲ್ಲೂ ಅವನು ಉಚ್ಚಾರಣೆ ಕೊಟ್ಟು, ಒತ್ತು ಬೀಳುವ ಭಾಗವನ್ನು ದೊಡ್ಡಕ್ಷರದಲ್ಲಿ ಗುರುತು ಮಾಡಿದ್ದಾನೆ. ಗಟ್ಟಿಯಾಗಿ ಹೇಳು ಎಂದು ಪದೇ ಪದೇ ಒತ್ತಾಯಿಸುತ್ತಾನೆ. ಕನ್ನಡದಲ್ಲಿ ಒತ್ತು ಪದದ ಅರ್ಥ ಕೆಡಿಸುವುದಿಲ್ಲ, ನಾವು ಅಕ್ಷರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ತೂಕ ಕೊಟ್ಟು ಆಡುತ್ತೇವೆ. ಇಂಗ್ಲಿಷಿನವರ ಕಿವಿ ಒತ್ತನ್ನೇ ಹಿಡಿದು ಪದ ಗುರುತಿಸುತ್ತದೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫಟಾಗ್ರಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಇದು ತಪ್ಪಿದರೆ ಎಂಥ ಒಳ್ಳೆಯ ಪದವೂ ಹೊರನಾಡಿನ ಸಭೆಯಲ್ಲಿ ಕಳೆದುಹೋಗುತ್ತದೆ.

ದೊಡ್ಡ ಪದ ಆಡಲೇಬಾರದು ಎಂದಲ್ಲ. ‘ಇಗೊಯಿಸ್ಟ್’ ಎಂದರೆ ತನ್ನ ಲಾಭವನ್ನೇ ನೋಡುವವನು, ‘ಇಗೊಟಿಸ್ಟ್’ ಎಂದರೆ ತನ್ನ ಬಗ್ಗೆಯೇ ಹೇಳಿಕೊಳ್ಳುವವನು. ಒಂದು ಚರ್ಚೆ ಈ ವ್ಯತ್ಯಾಸದ ಮೇಲೆ ನಿಂತಿದ್ದರೆ ಆ ಪದ ಬೇಕೇ ಬೇಕು, ಬೇರೆಯದು ಸಾಲದು. ಅದು ಅಲ್ಲಿ ಬಂದದ್ದು ವಿಷಯ ಕರೆದದ್ದಕ್ಕೆ. ಪುಸ್ತಕದ ಕೆಲವು ಪದಗಳಿಗಂತೂ ಕಾಲವೇ ಮುಗಿದಿದೆ. ಶತ್ರುಗಳನ್ನು ಬೈಯಲೆಂದು ಲೂಯಿಸ್ ಕೊಟ್ಟ ‘ವಿರಾಗೊ’, ಅಂದರೆ ಬಜಾರಿ, ಎಂಬ ಪದವನ್ನು ಇಂದು ಹೆಣ್ಣೊಬ್ಬಳ ಮೇಲೆ ಎಸೆದರೆ ಸಭೆ ಮುಖ ತಿರುಗಿಸುತ್ತದೆ, ತಿರುಗಿಸಬೇಕು ಕೂಡ.

ಆ ಸಂಜೆ ಕೂಟ ಮುಗಿದ ಮೇಲೆ ಹುಡುಗನನ್ನು ಕೆಳಗಿನ ದರ್ಶಿನಿಗೆ ಕರೆದುಕೊಂಡು ಹೋದೆ. ಕೊನೆಗೌಡ ನಿಜಕ್ಕೂ ಬಿದ್ದನೇ ಎಂದು ಕೇಳಿದೆ. ‘ಇಲ್ಲ ಸರ್, ಒಂದು ಆಳಿನಷ್ಟು ಜಾರಿ ಮರ ತಬ್ಬಿ ಹಿಡ್ಕೊಂಡ. ಎದೆಯೆಲ್ಲ ಕಿತ್ತುಹೋಗಿತ್ತು. ಇಳಿದು ಬಂದವನೇ ನೀರು ಕೇಳಿದ. ಅಪ್ಪ ಅವತ್ತು ಮತ್ತೆ ಮರ ಹತ್ತಿಸಲಿಲ್ಲ’ ಎಂದ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಯಾವ ಪದ ಬೇಕು ಎಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡೆವು: ಸ್ಲಿಪ್, ಹಗ್, ಬಾರ್ಕ್, ಸ್ಕ್ರೇಪ್. ನಾಲ್ಕೂ ಅವನಿಗೆ ಗೊತ್ತಿದ್ದವೇ. ಕೊನೆಗೌಡನಿಗೆ ಇಂಗ್ಲಿಷ್ ಪದ ಹುಡುಕಿ ಸಿಗದೆ ಹಾಗೇ ಬಿಟ್ಟೆವು.

ಮುಂದಿನ ತಿಂಗಳು ಅವನು ಅದೇ ಕತೆಯನ್ನು ಮತ್ತೆ ಹೇಳಿದ. ಕನ್ನಡ ಬಾರದವರು ಕೋಣೆಯಲ್ಲಿ ಅರ್ಧದಷ್ಟಿದ್ದರು. ಕೊನೆಗೌಡ ಎಂದರೆ ಯಾರು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಹಲಗೆಯ ಮೇಲೆ ಆ ದಿನ ಯಾವ ಪದವಿತ್ತೋ ನನಗೆ ನೆನಪಿಲ್ಲ.